ಒಂದು ಮುಷ್ಟಿ ಐಸ್

ಕಮಲಕ್ಕ ತಲೆಯ ಮೇಲೆ ಮೀನಿನ ಬುಟ್ಟಿ ಇಲ್ಲದೆ ನಮ್ಮ ಅಂಗಳಕ್ಕೆ ಬಂದದ್ದು ಮೂವತ್ತೈದು ವರ್ಷದಲ್ಲಿ ಎರಡೇ ಸಲ. ಮೊದಲನೇ ಸಲ ಮಗಳ ಮದುವೆಗೆ ಕರೆಯಲು. ಎರಡನೇ ಸಲ ಕಳೆದ ಮಾರ್ಚ್‌ನಲ್ಲಿ. ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು ಕೇಳಿದಳು:

"ಹ್ವಾಯ್ ಟೀಚರೇ, ನಿಮ್ಗ್ ಹಿಂದಿ ಬತ್ತಲ್ದೆ?"

ಬಿಜೂರಿನಲ್ಲಿ ಮೂವತ್ತೊಂದು ವರ್ಷ ಹಿಂದಿ ಪಾಠ ಮಾಡಿ ನಿವೃತ್ತಳಾದವಳನ್ನು ಹೀಗೆ ಕೇಳಿದರೆ ಪಿತ್ತ ನೆತ್ತಿಗೇರದೆ ಇರುತ್ತದೆಯೇ? "ಬರ್ದೇ ಎಂತ? ಅದೆಂತ ನಿನ್ ಮೀನಾ, ಹಳತಾಪುಕೆ?" ಎಂದೆ.

ಬೇರೆ ದಿನವಾಗಿದ್ದರೆ ತಿರುಗಿ ಒಂದು ಕೊಡುತ್ತಿದ್ದಳು. ಅವತ್ತು ನಗಲೂ ಇಲ್ಲ. "ಹಾಂಗಾರೆ ನನ್ನ ಹಿಮಾಲಯಕ್ಕೆ ಕರ್ಕಂಡ್ ಹೋಯ್ಕ್ ನೀವ್. ಸುಂದ್ರಿಗೆ ಒಂದ್ ಮುಷ್ಟಿ ಐಸ್ ತಂದ್ ಕೊಡ್ಕ್," ಎಂದಳು.

ಆ ಒಂದು ಮುಷ್ಟಿ ಐಸಿನ ಕಥೆ ಗೊತ್ತಿದ್ದ ಮೂರನೆಯವಳು ನಾನೊಬ್ಬಳೇ.

ಕಮಲಕ್ಕ ಮತ್ತು ಸುಂದರಿ ಇಬ್ಬರೂ ಕಿರಿಮಂಜೇಶ್ವರದ ಕಡಲ ಬದಿಯವರು. ಅಕ್ಕಪಕ್ಕದ ಮನೆ, ನಡುವೆ ತೆಂಗಿನ ಮಡಲಿನ ಒಂದು ಬೇಲಿ. ಬೆಳಗಾದರೆ ಗಂಗೊಳ್ಳಿ ಬಂದರಕ್ಕೆ ಹೋಗಿ ಮೀನು ಕೊಂಡು, ಟೆಂಪೋದಲ್ಲಿ ಬಿಜೂರಿಗೆ ಬಂದು, ಅಲ್ಲಿಂದ ಗದ್ದೆಯ ಅಂಚಿನಲ್ಲಿ ಮನೆಮನೆಗೆ ನಡೆಯುವುದು. ಬುಟ್ಟಿಯ ತಳಕ್ಕೆ ಪುಡಿ ಮಾಡಿದ ಐಸ್, ಮೇಲೆ ಮೀನು, ಅದರ ಮೇಲೆ ಮತ್ತೆ ಐಸ್, ಕೊನೆಗೊಂದು ಗೋಣಿಚೀಲ. ಐಸೇ ಅವರ ಗಡಿಯಾರ. ಕರಗಿದ ನೀರು ಕುತ್ತಿಗೆಗೆ ಬಿದ್ದರೆ ಬೇಗ ನಡೆಯಬೇಕು, ಬೆನ್ನಿಗಿಳಿದರೆ ರೇಟು ಇಳಿಸಬೇಕು. ಕಮಲಕ್ಕನದು ದಪ್ಪ ದನಿ, ಸುಂದರಿಯದು ಸಪೂರ. ಮೀನು ಬೇಕಾ ಎಂದು ಒಬ್ಬಳು ಗದ್ದೆಯ ಆಚೆ ಕೂಗಿದರೆ ಇನ್ನೊಬ್ಬಳು ಈಚೆ ಮುಗಿಸುವಳು. ಈಗ ಮನೆ ಮುಂದೆ ಬೈಕಿನವನು ಬಂದು ಹಾರ್ನ್ ಹೊಡೆಯುತ್ತಾನೆ. ಮೀನು ಅದೇ, ಆದರೆ ಆ ಎರಡು ದನಿ ಇಲ್ಲದ ಬೆಳಿಗ್ಗೆ ನನಗೆ ಇವತ್ತಿಗೂ ಬೆಳಿಗ್ಗೆ ಅನ್ನಿಸುವುದಿಲ್ಲ.

ನಮ್ಮ ಮನೆಯೇ ಅವರ ನಿಲ್ದಾಣ. ಬುಟ್ಟಿ ಇಳಿಸಿ ಬೆಲ್ಲ-ನೀರು ಕುಡಿದು ಊರಿನವರ ಸುದ್ದಿಯೆಲ್ಲ ಹರವಿ ಹೋಗುವರು. ಜಗಲಿಯಲ್ಲಿ ಬ್ಯಾಂಕಿನವರು ಕೊಟ್ಟ ಒಂದು ಕ್ಯಾಲೆಂಡರ್ ಇತ್ತು, ಅದರಲ್ಲಿ ಬೆಳ್ಳಗಿನ ಹಿಮದ ಶಿಖರ. ಸುಂದರಿ ಅದನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡುವಳು.

"ಕಮ್ಲಿ, ಈ ಗುಡ್ಡಿ ನಮ್ಮನಿ ಹಿಂದ್ ಇದ್ದಿರೆ ಐಸಿಗೆ ಲೈನ್ ನಿಂತ್ಕಂಬುದ್ ತಪ್ತಿತ್ತಲೆ! ಒಂದ್ ಸರ್ತಿ ಹೋಪ ಹೆಣೇ. ಬುಟ್ಟಿ ತಕಂಡೇ ಹೋಪ."

ಇಬ್ಬರೂ ನಗುವರು. ಅದು ಹಿಮ, ಐಸ್ ಅಲ್ಲ ಎಂದು ನಾನು ತಿದ್ದುವೆ. ಟೀಚರ್ ಬುದ್ಧಿ ಎಲ್ಲಿ ಹೋಗುತ್ತದೆ?

ಹನ್ನೊಂದು ವರ್ಷದ ಹಿಂದಿನ ಮೇ ತಿಂಗಳಲ್ಲಿ ಎರಡು ದಿನ ಕರೆಂಟಿರಲಿಲ್ಲ, ಬಂದರದಲ್ಲಿ ಐಸಿಗೆ ಬರ. ಇಬ್ಬರೂ ಅರ್ಧ ಬುಟ್ಟಿ ಬಂಗುಡೆ ಹೊತ್ತು ನಮ್ಮ ಅಂಗಳಕ್ಕೆ ಬಂದರು. ಸುಂದರಿಯ ಬುಟ್ಟಿಗೆ ಕೈ ಹಾಕಿ ನಾನು, "ವಾಸ್ನಿ ಬಂತಲೆ," ಎಂದೆ. ಸತ್ಯ ಹೇಳುತ್ತೇನೆ, ವಾಸನೆ ಬಂದಿರಲಿಲ್ಲ. ರೇಟು ಇಳಿಸಲು ನಾವೆಲ್ಲ ಆಡುವ ಮಾತು ಅದು. ದಿನಾ ಆಡುತ್ತಿದ್ದೆ, ದಿನಾ ಅವಳು ಬೈಯುತ್ತಿದ್ದಳು. ಅವತ್ತು ಮಾತ್ರ ಅವಳ ಮುಖ ಬಿಳಚಿಕೊಂಡಿತು.

"ಕಮ್ಲಿ, ಒಂದ್ ಮುಷ್ಟಿ ಐಸ್ ಕೊಡೆ. ಮೇಲ್ಮನಿ ತನ್ಕ ಹೋಪುಕೆ ಸಾಕ್."

"ಇಲ್ಲೆ. ನಂಗೇ ಸಾಲೂದಿಲ್ಲೆ."

ಗೋಣಿಯ ಅಡಿಯಲ್ಲಿ ಐಸ್ ಇತ್ತು. ನಾನೂ ನೋಡಿದೆ, ಸುಂದರಿಯೂ ನೋಡಿದಳು. ಆಮೇಲೆ ನಾನೆಂತ ಮಾಡಿದೆ ಗೊತ್ತೇ? ಕಮಲಕ್ಕನ ಬುಟ್ಟಿಯಿಂದ ಹತ್ತು ಬಂಗುಡೆ ತೆಗೆದುಕೊಂಡೆ. ಸುಂದರಿ ತನ್ನ ಬುಟ್ಟಿಯನ್ನು ಎತ್ತಿ ನಮ್ಮ ತೆಂಗಿನ ಬುಡಕ್ಕೆ ಮಗುಚಿದಳು. "ಇನ್ ಮೇಲೆ ನಿನ್ ಕೈ ನೀರೂ ಮುಟ್ಟೂದಿಲ್ಲ," ಎಂದು ಕಮಲಕ್ಕನಿಗೆ ಹೇಳಿ ಹೋದಳು. ಬೇಲಿ ಒಂದೇ, ಬಾವಿ ಎರಡಾಯಿತು. ಹನ್ನೊಂದು ವರ್ಷ ಮಾತಿಲ್ಲ.

ಆ ಮಾರ್ಚ್‌ಗೆ ಎರಡು ತಿಂಗಳ ಮುಂಚೆ, ಜನವರಿಯಲ್ಲಿ, ಸುಂದರಿ ಬಿದ್ದಳು. ಬಲಗೈ, ಬಲಗಾಲು ಸ್ವಾಧೀನ ತಪ್ಪಿತು. ಮಾತು ಮಾತ್ರ ಉಳಿಯಿತು. ಕಮಲಕ್ಕ ಮೊಮ್ಮಗಳು ಮೋಕ್ಷಿತಾಳ ಕೈಯಲ್ಲಿ ಮೀನಿನ ಸಾರು ಕಳಿಸಿದರೆ ಪಾತ್ರೆ ಹಾಗೆಯೇ ತಿರುಗಿ ಬಂತು.

"ಬಂದರದ್ ಐಸೇ ತಕಂಡ್ ಹೋಯಿ ಕೊಡ್," ಎಂದೆ ನಾನು.

"ಬಂದರದ್ದನ್ನ ಅವತ್ತೇ ಕೊಡ್ಕಿತ್ತ್ ಟೀಚರೇ. ಇವತ್ತ್ ಕೊಟ್ರೆ ಮುಖಕ್ಕೆ ಹೊಡಿತ್ಲ್. ಅವ್ಳ್ ಕೇಂಡದ್ ಆ ಗುಡ್ಡಿ ಐಸ್. ಅದೇ ಆಯ್ಕ್."

ಹೀಗೆ ಎಪ್ಪತ್ತರ ಹತ್ತಿರದ ನಾವಿಬ್ಬರು ಬ್ರಹ್ಮಾವರದ ಜಿತೇಂದ್ರ ಎಂಬವರ ಯಾತ್ರಾ ತಂಡ ಸೇರಿ ಮೇ ತಿಂಗಳಲ್ಲಿ ಹೊರಟೆವು. ಹರಿದ್ವಾರದಲ್ಲಿ ಇಳಿದ ಕೂಡಲೇ ನನ್ನ ಮರ್ಯಾದೆ ಹೋಯಿತು. ನಾನು ಪುಸ್ತಕದ ಹಿಂದಿಯಲ್ಲಿ "ಕೃಪಯಾ ದೋ ಪ್ಯಾಲೀ ಚಾಯ್ ಪ್ರದಾನ್ ಕೀಜಿಯೇ" ಎಂದರೆ ಚಹಾದವನು ನನ್ನನ್ನು ಯಾವುದೋ ನಾಟಕದವಳು ಎಂಬಂತೆ ನೋಡಿದ. ಹಿಂದಿನಿಂದ ಕಮಲಕ್ಕ, "ಭಾಯ್, ದೋ ಚಾಯ್, ಶಕ್ಕರ್ ಕಮ್ತಿ!" ಎಂದಳು. ಚಹಾ ಬಂತು. ಮದುವೆಗೆ ಮುಂಚೆ ಎರಡು ವರ್ಷ ಮುಂಬಯಿಯಲ್ಲಿ ಸಿಗಡಿ ಸುಲಿದವಳಂತೆ. ಈ ಸಂಗತಿ ನನಗೆ ಯಾವತ್ತೂ ಹೇಳಿರಲಿಲ್ಲ.

"ಹಾಂಗಾರೆ ನನ್ನ ಎಂತಕ್ಕೆ ಎಳ್ಕಂಡ್ ಬಂದ್ದ್ ನೀನು?" ಎಂದು ರೇಗಿದೆ. ಅವಳು ಚಹಾ ಊದಿಕೊಂಡು ಕೂತಳು.

ಚೋಪ್ತಾ ಎಂಬಲ್ಲಿಂದ ಬೆಳಿಗ್ಗೆ ಆರು ಗಂಟೆಗೆ ಹತ್ತಲು ಶುರು ಮಾಡಿದೆವು. ಮೊದಲು ತುಂಗನಾಥನ ಗುಡಿ, ಅದರ ಮೇಲೆ ಚಂದ್ರಶಿಲೆಯ ತುದಿ. ಊರಲ್ಲಿ ಆಗ ಸೆಕೆಗೆ ಚರ್ಮ ಸುಲಿಯುತ್ತಿತ್ತು, ಇಲ್ಲಿ ಹಲ್ಲು ಕಟಕಟ. ಕಮಲಕ್ಕ ಸೀರೆ ಎತ್ತಿ ಕಟ್ಟಿ, ಕ್ಯಾನ್ವಾಸ್ ಶೂ ಹಾಕಿ, ಮಂಗನ ಟೊಪ್ಪಿ ಏರಿಸಿದ್ದಳು. ಆದರೆ ನೂರು ಹೆಜ್ಜೆಗೇ ತೂರಾಡತೊಡಗಿದಳು. ನಾನು ಅವಳ ತೋಳು ಹಿಡಿದೆ.

"ಎಂತ ಆಯ್ತ್? ತಲಿ ತಿರ್ಗತ್ತಾ?"

"ತಿರ್ಗುದಲ್ಲ. ತಲಿ ಮೇಲ್ ಎಂತ ಇಲ್ಯಲೆ, ನಡೂಕೇ ಆತಿಲ್ಲೆ."

ಹೆಗಲ ಚೀಲ ಇಳಿಸಿದಳು. ಬೈರಾಸು ಟವೆಲನ್ನು ಸುತ್ತಿ ಸಿಂಬೆ ಮಾಡಿ ತಲೆಗಿಟ್ಟು, ಅದರ ಮೇಲೆ ಚೀಲ ಇಟ್ಟಳು. ಬೆನ್ನು ಸೆಟೆದು ನಿಂತಿತು. ಆಮೇಲೆ ನೋಡಬೇಕಿತ್ತು ಅವಳ ನಡಿಗೆ! ದೊಣ್ಣೆ ಊರಿಕೊಂಡು ಏದುಸಿರು ಬಿಡುತ್ತಿದ್ದ ಡೆಲ್ಲಿಯ ಹುಡುಗರನ್ನು ಕೈ ಬೀಸಿಕೊಂಡು ಹಿಂದೆ ಹಾಕಿದಳು. ಅದೇ ಬಿಜೂರಿನ ಗದ್ದೆಯ ಅಂಚು, ಅದೇ ಕಮಲಕ್ಕ. ನನಗೆ ಮೂವತ್ತು ವರ್ಷ ಹಿಂದಕ್ಕೆ ಹೋದ ಹಾಗಾಯಿತು. ಪಕ್ಕದಲ್ಲಿ ಇನ್ನೊಂದು ಬುಟ್ಟಿ ಮಾತ್ರ ಇರಲಿಲ್ಲ.

ದಾರಿಬದಿಯಲ್ಲೇ ಹಿಮ ಸಿಕ್ಕಿತು. ನಾನು ನಿಂತೆ. "ಇಕಾ, ಸಿಕ್ಕಿತ್. ತುಂಬ್ಸ್ಕೋ, ಕೆಳಗೆ ಹೋಪ."

ಅವಳು ಬಗ್ಗಿ ಬೆರಳಿಂದ ಕೆದಕಿದಳು, ಮೂಸಿದಳು. ಬಂದರದಲ್ಲಿ ಮೀನಿನ ಕಿವಿ ಎತ್ತಿ ನೋಡುವಾಗಿನ ಅದೇ ಮುಖ. "ಹಳೇ ಐಸ್. ಹೇಸರಗತ್ತೆ ಸಗಣಿ ಬಿದ್ದಿತ್ತ್. ಇದ್ ಮೀನಿಗೂ ಆಪುದಲ್ಲ, ಸುಂದ್ರಿಗ್ ಕೊಡುದಾ?"

ಗುಡಿಯಲ್ಲಿ ಕೈಮುಗಿದು ಹೊರಗೆ ಬರುವಾಗ ಹತ್ತೂಮುಕ್ಕಾಲು. ಅಲ್ಲಿಯ ಹಿಮವೂ ಅವಳಿಗೆ ಒಪ್ಪಿಗೆಯಾಗಲಿಲ್ಲ. ತುದಿಗೇ ಹೋಗಬೇಕು. ಜಿತೇಂದ್ರ ಕೈ ಅಡ್ಡ ಹಿಡಿದರು.

"ಅಮ್ಮ, ಮಧ್ಯಾಹ್ನ ಆರೆ ಮೋಡ ಮುಚ್ಚತ್ತ್, ದಾರಿ ಕಾಣುದಿಲ್ಲ. ನೀವಿಬ್ರ್ ಇಲ್ಲೇ ಕೂಕಣಿ."

"ಮಗಾ, ನಾನ್ ದೇವ್ರ್ ಕಾಂಬುಕೆ ಬಂದದ್ದಲ್ಲ," ಎಂದಳು ಕಮಲಕ್ಕ. ಗುಡಿಯ ಎದುರೇ ನಿಂತು ಆಡುವ ಮಾತೇ ಅದು? ಶಿವ ಶಿವಾ! ಆದರೆ ಅವಳ ಮುಖ ನೋಡಿ ಅವರಿಗೇನನ್ನಿಸಿತೋ, ಹನ್ನೆರಡೂವರೆಗೆ ಎಲ್ಲಿದ್ದರೂ ಸರಿ, ತಿರುಗಲೇಬೇಕು ಎಂದು ಮಾತು ತೆಗೆದುಕೊಂಡು ತಾವೂ ಮುಂದೆ ನಡೆದರು.

ಮೇಲಿನ ದಾರಿ ಪೂರ್ತಿ ಹಿಮ. ಮೊದಲು ಹೋದವರ ಹೆಜ್ಜೆಗುಳಿಯಲ್ಲೇ ಕಾಲಿಡಬೇಕು. ಅರ್ಧಕ್ಕೆ ನಾನು ಒಂದು ಬಂಡೆಯ ಮೇಲೆ ಕುಸಿದೆ. ಗಡಿಯಾರ ಹನ್ನೆರಡು ತೋರಿಸುತ್ತಿತ್ತು. ಕೆಳಗಿನ ಕಣಿವೆಯಿಂದ ಮೋಡ ಎದ್ದು ಬರುತ್ತಿತ್ತು.

"ನಂಗಾತಿಲ್ಲೆ ಕಮಲಕ್ಕ. ಇಲ್ಲಿದೇ ತುಂಬ್ಸು. ಇದ್ ಬೆಳ್ಳಗೇ ಇತ್ತಲೆ. ಐಸ್ ಎಲ್ಲಾ ಒಂದೇ."

ಅವಳು ತಿರುಗಿ ಬಂದಳು. ನನ್ನ ಚೀಲವನ್ನೂ ಕಿತ್ತು ತನ್ನ ತಲೆಯ ಚೀಲದ ಮೇಲಿಟ್ಟಳು.

"ಏಳಿ. ನಿಮ್ಮನಿ ದರಿ ಹತ್ತುಕೆ ನಮ್ಗೂ ಹೀಂಗೇ ಆತಿತ್ತ್, ಬೆನ್ನ್ ಮೇಲ್ ಐಸ್ ನೀರ್ ಇಳ್ಕಂಡ್. ನೀವ್ ಬಾಗ್ಲಲ್ಲ್ ನಿಂತ್ಕಂಡ್ 'ಎಂತ ಇಷ್ಟ್ ತಡ' ಅಂತ ಕೇಂತಿದ್ರಿ."

ಸಿಟ್ಟಿನಿಂದ ಹೇಳಿದ್ದಲ್ಲ. ಅದಕ್ಕೇ ಹೆಚ್ಚು ನಾಟಿತು. ಎದ್ದೆ. ಅವಳು ಒಂದು ಕೈಯಲ್ಲಿ ತಲೆಹೊರೆ, ಇನ್ನೊಂದರಲ್ಲಿ ನನ್ನನ್ನು ಹಿಡಿದು ಹತ್ತಿಸಿದಳು.

ತುದಿ ಮುಟ್ಟಿದಾಗ ಹನ್ನೆರಡೂ ಇಪ್ಪತ್ತು. ಸುತ್ತ ನಾಲ್ಕು ದಿಕ್ಕಿಗೂ ಬೆಳ್ಳಗಿನ ಶಿಖರ, ನಮ್ಮ ಜಗಲಿಯ ಕ್ಯಾಲೆಂಡರ್ ಹರಿದು ಹರವಿದ ಹಾಗೆ. ನಾನು ಅತ್ತೆ. ಮೂವತ್ತೊಂದು ವರ್ಷ ಮಕ್ಕಳಿಗೆ ಹಿಮಾಲಯದ ಪದ್ಯ ಬಾಯಿಪಾಠ ಮಾಡಿಸಿದವಳು ಈಗ ನೋಡಿದೆನಲ್ಲ! ಕಮಲಕ್ಕ ಶಿಖರದ ಕಡೆ ತಿರುಗಿಯೂ ನೋಡಲಿಲ್ಲ. ಯಾರೂ ತುಳಿಯದ ಒಂದು ಮೂಲೆಗೆ ಹೋಗಿ ಮೊಣಕಾಲೂರಿ, ಮೇಲಿನ ಪದರ ಸರಿಸಿ, ಒಳಗಿನದನ್ನು ಹಿಸುಕಿ, ಒಂದು ಚೂರು ಬಾಯಿಗೆ ಹಾಕಿದಳು.

"ತಾಜಾ ಇತ್ತ್ ಟೀಚರೇ," ಎಂದಳು. ಮುಖ ಅರಳಿತು.

ಚೀಲದಿಂದ ಒಂದು ಸಣ್ಣ ಫ್ಲಾಸ್ಕ್ ತೆಗೆದು ಒತ್ತಿ ಒತ್ತಿ ತುಂಬಿದಳು. ಆಮೇಲೆ ಸೊಂಟದಿಂದ ಒಂದು ಪೊಟ್ಟಣ ಬಿಚ್ಚಿ ಏನನ್ನೋ ಒಳಗೆ ಸುರಿದು ಗಟ್ಟಿಯಾಗಿ ಮುಚ್ಚಿದಳು. ದೇವರ ಪ್ರಸಾದವಿರಬೇಕು ಎಂದುಕೊಂಡೆ.

"ಈಗಾರೂ ಹೇಳ್. ನನ್ನ ಎಂತಕ್ಕೆ ಕರ್ಕಂಡ್ ಬಂದೆ?"

ಅವಳು ಸಿಂಬೆ ಸರಿಮಾಡಿಕೊಳ್ಳುತ್ತ, "ಅವತ್ತ್ ನೀವೂ ಇದ್ದಿರಲ್ದೆ," ಎಂದಳು.

ಇಳಿಯುವಾಗ ನನ್ನ ಚೀಲವನ್ನು ನಾನೇ ಹೊತ್ತೆ.

ವಾಪಸು ರೈಲಿನಲ್ಲಿ ಫ್ಲಾಸ್ಕ್ ಅವಳ ಮಡಿಲಿನಿಂದ ಇಳಿಯಲೇ ಇಲ್ಲ. ರತ್ನಗಿರಿ ದಾಟುವಾಗ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ಬರೀ ನೀರಿನ ಸದ್ದು. ಗಂಡ ಕಡಲಿಗೆ ಹೋಗಿ ಬಾರದಿದ್ದ ವರ್ಷವೂ ಬುಟ್ಟಿ ಹೊತ್ತು ಬಂದ ಹೆಂಗಸು, ಎಲ್ಲರೆದುರು ಗೊಳೋ ಎಂದು ಅತ್ತಳು.

"ಕರ್ಗಿರೆ ಎಂತ? ನೀರೂ ಅದೇ ಅಲ್ದಾ?" ಎಂದೆ.

"ನನ್ ಕೈ ನೀರ್ ಮುಟ್ಟೂದಿಲ್ಲ ಅಂದಿದ್ಲ್ ಟೀಚರೇ."

ಬೈಂದೂರಿನಲ್ಲಿ ಇಳಿದು ನೇರ ಕಿರಿಮಂಜೇಶ್ವರಕ್ಕೆ ಹೋದೆವು. ಸಂಜೆಯ ಬಿಸಿಲಿಗೆ ಸುಂದರಿ ಜಗಲಿಯಲ್ಲಿ ಕುರ್ಚಿ ಹಾಕಿ ಕೂತಿದ್ದಳು. ಎಷ್ಟು ಸಣ್ಣಗಾಗಿದ್ದಳು! ನಮ್ಮನ್ನು ಕಂಡು ಮುಖ ಗೋಡೆಗೆ ತಿರುಗಿಸಿದಳು. ಕಮಲಕ್ಕ ಫ್ಲಾಸ್ಕನ್ನು ಎದೆಗವಚಿಕೊಂಡು ಮೆಟ್ಟಿಲ ಬಳಿಯೇ ನಿಂತಳು. ಕೊನೆಗೆ ನಾನೇ ಹೇಳಿದೆ:

"ಸುಂದರಿ, ಅವತ್ತ್ ನಿನ್ ಮೀನ್ ಹಾಳಾಯಿರ್ಲಿಲ್ಲ. ವಾಸ್ನಿ ಬಂತ್ ಅಂದದ್ ನನ್ ಸುಳ್ಳ್. ಇವ್ಳ್ ಕ್ಯಾಲೆಂಡರಿನ ಗುಡ್ಡಿ ಹತ್ತಿ ನಿಂಗೆ ಐಸ್ ತಂದಿದ್ಲ್. ದಾರ್ಯಂಗೆ ಕರ್ಗಿ ಹೋಯ್ತ್."

ಕಮಲಕ್ಕ ಫ್ಲಾಸ್ಕಿನ ಮುಚ್ಚಳಕ್ಕೆ ನೀರು ಬಗ್ಗಿಸಿ ಮುಂದೆ ಹಿಡಿದಳು. "ಹೊಟ್ಟಿಗ್ ಹಾಕ್ಕೋ ಸುಂದ್ರಿ."

ಎಷ್ಟು ಹೊತ್ತು ಹಾಗೆ ಹಿಡಿದಿದ್ದಳೋ. ಸುಂದರಿಯ ಎಡಗೈ ನಿಧಾನಕ್ಕೆ ಎದ್ದಿತು. ತೆಗೆದುಕೊಂಡಳು. ಒಂದು ಗುಟುಕು ಕುಡಿದಳು. ಮುಖ ಹುಳಿ ಮಾವಿನಕಾಯಿ ಕಚ್ಚಿದವರ ಹಾಗೆ ಕಿವುಚಿತು.

"ಥೂ! ಎಂತ ಮಾರಾಯ್ತಿ ಇದ್, ಕಡಲ್ ನೀರಾ? ಉಪ್ಪ್ ಹಾಕಿದ್ಯಾ ನೀನ್?"

"ಹಾಕ್ದೆ," ಎಂದಳು ಕಮಲಕ್ಕ. "ಐಸ್ ನಿಲ್ಕಲೆ."

ಮೇಲೆ ತುದಿಯಲ್ಲಿ ಸುರಿದದ್ದು ಏನೆಂದು ನನಗೆ ಹೊಳೆದದ್ದು ಆಗ. ಹಿಮಾಲಯದ ಹಿಮಕ್ಕೆ, ಬೇಗ ಕರಗದಿರಲೆಂದು ಮೀನಿನ ಐಸಿಗೆ ಹಾಕುವ ಹಾಗೆ, ಕಿರಿಮಂಜೇಶ್ವರದ ಕಲ್ಲುಪ್ಪು!

"ಎಷ್ಟ್ ಹಾಕ್ದೆ?"

"ಒಂದ್ ಮುಷ್ಟಿ."

"ಇಷ್ಟ್ ಚಿಕ್ಕ ಫ್ಲಾಸ್ಕಿಗೆ ಒಂದ್ ಮುಷ್ಟಿ ಉಪ್ಪಾ! ಜಲ್ಮ ಇಡೀ ಮೀನ್ ಮಾರಿ ಎಂತ ಕಲ್ತೆ ನೀನ್? ಮಣ್ಣ್!"

ಹನ್ನೊಂದು ವರ್ಷದ ಮೇಲೆ ಆ ಸಪೂರ ದನಿ ಕಮಲಕ್ಕನನ್ನು ಬೈಯುತ್ತಿತ್ತು. ಕಮಲಕ್ಕ ನಗುತ್ತಿದ್ದಳೋ ಅಳುತ್ತಿದ್ದಳೋ ಹೇಳಲಾರೆ. "ಆಯ್ತ್, ಆಯ್ತ್, ಕುಡೂದ್ ಬ್ಯಾಡ," ಎಂದು ಉಳಿದದ್ದನ್ನು ತೆಂಗಿನ ಬುಡಕ್ಕೆ ಚೆಲ್ಲಲು ಫ್ಲಾಸ್ಕ್ ಎತ್ತಿಕೊಂಡು ತಿರುಗಿದಳು. ಸುಂದರಿ ಎಡಗೈಯಿಂದ ಅವಳ ಸೆರಗು ಹಿಡಿದು ಜಗ್ಗಿದಳು.

"ಚೆಲ್ಬ್ಯಾಡ," ಎಂದಳು. "ಅದ್ ನಂದ್."