ಡಬ್ಬಿ ಕಂಡರಾಗದ ದೊಡ್ಡಮ್ಮ

ಸೊಸೆ, ಮೊಮ್ಮಗುವಿನೊಂದಿಗೆ ಮಕ್ಕಳ ಡಾಕ್ಟರಲ್ಲಿಗೆ ಬರುವ ದೊಡ್ಡಮ್ಮನಿಗೆ, ಯಾರ ಚೀಲದಲ್ಲಿ ಪುಡಿಹಾಲಿನ ಡಬ್ಬಿಯಿದ್ದರೂ ಬಾಗಿಲಲ್ಲೇ ವಾಸನೆ ಹತ್ತುತ್ತದೆ. "ಏನಮ್ಮಾ, ಮಗು ಹೆತ್ತಿದ್ದು ನೀನೋ, ಡಬ್ಬೀನೋ?" ಎಂದು ಶುರು. ಪುಡಿ ಕುಡಿದ ಮಗುವಿಗೆ ಹಲ್ಲು ತಡ, ಮಾತು ತಡ, ಕೊನೆಗೆ ಮದುವೆಯೂ ತಡ ಎಂಬುದು ಅವರ ತೀರ್ಪು, ಅದಕ್ಕೆ ಮೇಲ್ಮನವಿಯಿಲ್ಲ. ಮೊನ್ನೆ ಪಕ್ಕದಲ್ಲಿ ಕೂತಿದ್ದ ಬಾಣಂತಿಯೊಬ್ಬಳು, ಚೀರುವ ಮಗುವನ್ನು ಮಡಿಲಲ್ಲಿಟ್ಟುಕೊಂಡು ಬಾಟಲಿಗೆ ಪುಡಿ ಹಾಕಲು ಹೋಗಿ ನೆಲಕ್ಕೆಲ್ಲ ಚೆಲ್ಲಿದಳು. "ನಂಗೆ ಹಾಲೇ ಬರ್ತಿಲ್ಲ ದೊಡ್ಡಮ್ಮಾ," ಎಂದು ಅತ್ತೇಬಿಟ್ಟಳು. ಬೈಗುಳ ಕೇಳಲು ಇಡೀ ಬೆಂಚು ಕಿವಿ ನಿಮಿರಿಸಿತು. ದೊಡ್ಡಮ್ಮ ಬಾಟಲಿ ಕಿತ್ತುಕೊಂಡು, ಚಮಚದ ಮಟ್ಟಕ್ಕೆ ಪುಡಿ ಸವರಿ ಅಳೆದು, ಗಂಟಾಗದಂತೆ ಕಲಕಿ, ಮಣಿಕಟ್ಟಿಗೆ ಎರಡು ಹನಿ ಬಿಟ್ಟು ಬಿಸಿ ನೋಡಿದರು. ಸೊಸೆ ಬೆರಗಾಗಿ, "ಅತ್ತೆ, ಇದೆಲ್ಲ ನಿಮಗೆ ಹೇಗೆ ಗೊತ್ತು?" ಎಂದಳು. ದೊಡ್ಡಮ್ಮನ ದನಿ ಮೊದಲ ಸಲ ಇಳಿಯಿತು: "ನಿನ್ ಗಂಡ ಏನು ಗಾಳಿ ಕುಡಿದು ಆರಡಿ ಬೆಳೆದ್ನಾ?"