ಕೂಗಿ ದಾರಿ ಮಾಡಿಕೊಂಡವರು

ಲಗ್ಗೆರೆಯಲ್ಲಿ ನಮ್ಮ ಪಕ್ಕದ ಮನೆಯವರು ಅಗ್ನಿಶಾಮಕ ವಾಹನದ ಡ್ರೈವರ್ ಆಗಿದ್ದರು. ಠಾಣೆಯ ಅನುದಾನ ಕಡಿತವಾಗಿ, ಕೆಟ್ಟ ಸೈರನ್ ರಿಪೇರಿಯಾಗಿರಲಿಲ್ಲ. ಕೇಳಿದರೆ, ಮೀಸೆ ತಿರುವುತ್ತಾ, "ಇರೋದ್ರಲ್ಲೇ ನಡೆಸ್ಬೇಕು ಕಣ್ರೀ" ಅನ್ನುತ್ತಿದ್ದರು.

ಒಂದು ಮಧ್ಯಾಹ್ನ ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ಬೆಂಕಿ ಹತ್ತಿ, ಮೇಲಿನ ಮಹಡಿಯಲ್ಲಿ ಮೂವರು ಹೆಂಗಸರು ಸಿಕ್ಕಿಕೊಂಡರು. ದಾಸರಹಳ್ಳಿಯ ಟ್ರಾಫಿಕ್‌ನಲ್ಲಿ ನಿಂತಿದ್ದ ನಮ್ಮ ಬಸ್ಸಿನ ಹಿಂದಿನಿಂದ ಪಕ್ಕದ ಮನೆಯವರ ಕೂಗು ಕೇಳಿಸಿತು. ಅಗ್ನಿಶಾಮಕ ವಾಹನದ ಕಿಟಕಿಯಿಂದ ತಲೆ ಹೊರಹಾಕಿ, "ಅಣ್ಣಾ, ಆಟೋ ಪಕ್ಕಕ್ಕೆ! ಅಕ್ಕಾ, ಸ್ಕೂಟಿ ಮುಂದಕ್ಕೆ! ಮದುವೆ ದಿಬ್ಬಣ ಅಲ್ಲ ಕಣ್ರೀ, ಬೆಂಕಿ!" ಅನ್ನುತ್ತಿದ್ದರು. ಜನ ನಗುತ್ತಲೇ ದಾರಿ ಬಿಟ್ಟರು. ಏಣಿ ಸಮಯಕ್ಕೆ ತಲುಪಿ, ಮೂವರೂ ಇಳಿದು ಬಂದರು.

ಮರುದಿನ ಆ ಹೆಂಗಸರು ಬಾಳೆಹಣ್ಣು ಹಿಡಿದು ಅವರ ಮನೆಗೆ ಬಂದರು.

"ಬೀದಿ ತುದಿಯಲ್ಲಿ ನಿಮ್ಮ ಧ್ವನಿ ಕೇಳಿಯೇ ಧೈರ್ಯ ಬಂತಣ್ಣ," ಎಂದಳು ಒಬ್ಬಳು.

ಇವರು ಬಾಯಿ ತೆರೆದರೆ ಬರೀ ಗಾಳಿ ಬಂತು. ಪಕ್ಕದಲ್ಲಿದ್ದ ಹೆಂಡತಿಯೇ ಬಿಡಿಸಿ ಹೇಳಿದರು: "ಕಾಫಿ ಕುಡ್ಕೊಂಡು ಹೋಗಿ ಅಂತಿದ್ದಾರೆ."