ಯಾರಿಗೂ ಹರಡದ ಕೆಂಗಣ್ಣು

ಮೊಮ್ಮಗಳು ಸಾನ್ವಿಯ ಎಡಗಣ್ಣಿನ ಬಿಳಿಯಲ್ಲಿ ಕುಂಕುಮ ಚೆಲ್ಲಿದಂಥ ಒಂದು ಕಲೆ ಕಂಡಿತು. ಆಗ ತೋಡಾರಿನ ಅವಳ ಶಾಲೆಯಲ್ಲಿ ಕೆಂಗಣ್ಣು ಹಬ್ಬಿತ್ತು. ನಾನು ಹಾಸ್ಟೆಲ್ ವಾರ್ಡನ್ ಆಗಿ ನಿವೃತ್ತಳಾದವಳು. ಇಂಥದ್ದನ್ನು ತಡೆಯುವುದು ಗೊತ್ತು. ಅವಳಿಗೆ ಬೇರೆ ಟವೆಲ್, ಬೇರೆ ದಿಂಬು, ಬೇರೆ ಲೋಟ. ಬೆಳಿಗ್ಗೆ ಸಂಜೆ ನಂದಿಬಟ್ಟಲು ಹೂ ನೆನೆಸಿದ ನೀರಿನಲ್ಲಿ ಕಣ್ಣು ತೊಳೆಸಿದೆ.

ಮನೆಯಲ್ಲಿ ಯಾರಿಗೂ ಹರಡಲಿಲ್ಲ.

"ಕೆಂಗಣ್ಣಿಗೂ ನಿಮ್ಮನ್ನು ಕಂಡ್ರೆ ಹೆದರಿಕೆ ಅತ್ತೆ," ಎಂದು ಸೊಸೆ ಶುಭಾ ನಕ್ಕಳು. ನಾನೂ ನಕ್ಕೆ.

ಕಲೆ ಮಾತ್ರ ಹೋಗಲಿಲ್ಲ. ಸಾನ್ವಿ ಸುಸ್ತೆಂದು ಮೆಟ್ಟಿಲಲ್ಲೇ ಕೂರತೊಡಗಿದಳು. ಒಂದು ಬೆಳಿಗ್ಗೆ ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು, "ಅಜ್ಜಿ, ಅಕ್ಷರದ ಮೇಲೆ ಏನೋ ಕಪ್ಪು ಉಂಟು. ಒರೆಸಿದ್ರೂ ಹೋಗುದಿಲ್ಲ," ಎಂದಳು. ಕನ್ನಡಕ ಬೇಕಾದೀತೆಂದು ಮೂಡುಬಿದಿರೆಯ ಕಣ್ಣಿನ ಡಾಕ್ಟರರಲ್ಲಿಗೆ ಕರೆದುಕೊಂಡು ಹೋದೆವು.

ಅವರು ಡ್ರಾಪ್ಸ್ ಹಾಕಿ, ಕಣ್ಣಿನೊಳಗೆ ಬೆಳಕು ಬಿಟ್ಟು ತುಂಬಾ ಹೊತ್ತು ನೋಡಿದರು.

"ಮನೆಯಲ್ಲಿ ಬೇರೆ ಯಾರಿಗಾದ್ರೂ ಕಣ್ಣು ಕೆಂಪಾದದ್ದು ಉಂಟಾ?"

"ಇಲ್ಲ. ಎಲ್ಲ ಬೇರೆ ಇಟ್ಟಿದ್ದೆ," ಎಂದೆ, ಸ್ವಲ್ಪ ಜಂಬದಿಂದಲೇ.

"ತುರಿಕೆ? ನೀರು ಸುರಿಯುದು?"

"ಇರಲಿಲ್ಲ."

ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ಇದು ಕೆಂಗಣ್ಣಲ್ಲಮ್ಮ. ಒಳಗೆ ರೆಟಿನಾದಲ್ಲೂ ರಕ್ತ ಸೋರಿದೆ. ಮೈಮೇಲೆ ಎಲ್ಲಿಯಾದ್ರೂ ನೀಲಿಗಟ್ಟಿದೆಯಾ?"

ಶುಭಾ ಮಗುವಿನ ಲಂಗ ಸರಿಸಿದಳು. ಮೊಣಕಾಲಿನ ಕೆಳಗೆ, ಆಟದಲ್ಲಿ ಬಿದ್ದದ್ದೆಂದು ನಾವು ಬಿಟ್ಟಿದ್ದ ಕಲೆಗಳು.

"ಇವತ್ತೇ ಬ್ಲಡ್ ಟೆಸ್ಟ್ ಮಾಡಿಸಿ. ನಾಳೆಗೆ ಇಡಬೇಡಿ."

ಲುಕೇಮಿಯ. ರಕ್ತದ ಕ್ಯಾನ್ಸರ್.

ಎಷ್ಟೋ ಹುಡುಗಿಯರ ಜ್ವರ, ವಾಂತಿ ಕಂಡವಳು ನಾನು; ಹೊತ್ತಿಗೆ ಸರಿಯಾಗಿ ಎಬ್ಬಿಸಿ, ತೊಳೆಸಿ, ಗಂಜಿ ಕುಡಿಸಿದರೆ ಮಕ್ಕಳು ಎದ್ದು ಓಡುತ್ತಾರೆಂದು ಬದುಕಿಡೀ ನಂಬಿದವಳು. ಮಂಗಳೂರಿನ ಆಸ್ಪತ್ರೆಯ ವಾರ್ಡಿನಲ್ಲಿ ಹೊತ್ತಿಗೆ ಸರಿಯಾಗಿ ಮಾಡಿದ ಯಾವುದಕ್ಕೂ ಸಾನ್ವಿ ಏಳಲಿಲ್ಲ. ಬೆನ್ನಿಗೆ ಸೂಜಿ ಚುಚ್ಚುವಾಗ ಅವಳನ್ನು ಬಾಗಿಸಿ ಹಿಡಿದುಕೊಳ್ಳಬೇಕಿತ್ತು. ಹಿಡಿದುಕೊಂಡೆ. ಅವಳು ಕೂಗಿದ್ದು ಅಮ್ಮನನ್ನಲ್ಲ, ನನ್ನನ್ನು.

ಮೊದಲ ಹಂತದ ಕೀಮೋ ಮುಗಿದಿದೆ. "ಔಷಧಿ ಹಿಡೀತಾ ಉಂಟು. ಆದ್ರೆ ದಾರಿ ಉದ್ದ," ಎಂದಿದ್ದಾರೆ ಡಾಕ್ಟರು. ಮುಂದಿನದನ್ನು ನಾನು ಕೇಳುವುದಿಲ್ಲ. ಎಡಗಣ್ಣಿನ ಮಸುಕು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಕೂದಲು ಪೂರ್ತಿ ಹೋಗಿದೆ.

ಮೊನ್ನೆ ನಾನು ತಲೆ ಬಾಚಿಕೊಳ್ಳುತ್ತಿದ್ದಾಗ ಬಾಚಣಿಗೆ ಕಸಿದುಕೊಂಡಳು. "ಇವತ್ತು ನಾನು ಜಡೆ ಹಾಕ್ತೇನೆ. ಅಲ್ಲಾಡಿದ್ರೆ ಪೆಟ್ಟುಂಟು ಅಜ್ಜಿ, ಆಯ್ತಾ?"

ಅಲ್ಲಾಡದೆ ಕುಳಿತೆ. ಜಡೆ ಸೊಟ್ಟಗೆ ಬಂತು, ಅರ್ಧ ಕೂದಲು ಹೊರಗೇ ಉಳಿಯಿತು. ಅದೇ ಜಡೆಯಲ್ಲಿ ಅವಳ ಜೊತೆ ಆಸ್ಪತ್ರೆಗೆ ಹೋಗಿ ಬಂದೆ. ಮಲಗುವಾಗಲೂ ಬಿಚ್ಚಲು ಮನಸ್ಸಾಗಲಿಲ್ಲ.